ದುಡ್ಡು ಕಟ್ ಆಗಿದೆ, ಅಂಗಡಿಗೆ ಹೋಗಿಲ್ಲ, ಬ್ಯಾಂಕಿನಲ್ಲಿ ‘ಸರ್ವರ್ ಡೌನ್’: ಯಾರನ್ನು ಕೇಳಬೇಕು?

ತೀರ್ಥಹಳ್ಳಿ ತೋಟ:
ಎಲ್ಲರಿಗೂ ನಮಸ್ಕಾರ. ನಮ್ಮದು ಆಗುಂಬೆ ರಸ್ತೆ ಕಡೆ ಅಡಿಕೆ ತೋಟ. ಈ ಸಲದ ಮಳೆ ನಿಮಗೆಲ್ಲ ಗೊತ್ತೇ ಇದೆ. ನಡುವೆ ಮಳೆ ಬಿಟ್ಟು ಸ್ವಲ್ಪ ಹೊಳವಾಯಿತು. ಅಡಿಕೆಯ ಕೊಳೆರೋಗಕ್ಕೆ ಎರಡನೇ ಔಷಧಿ ಹೊಡೆಸಲು ಅದೇ ಸಮಯ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ನಾಳೆ ಬರುತ್ತೇನೆ ಅಂದ. ಮೈಲುತುತ್ತ, ಸುಣ್ಣ, ಅಂಟು ತರಲು ಪೇಟೆಗೆ ಹೋದೆ.

ಬಿಲ್ 18,400 ರೂಪಾಯಿ. ಸ್ಕ್ಯಾನ್ ಮಾಡಿ ಪಿನ್ ಒತ್ತಿದೆ. ಚಕ್ರ ಸುತ್ತುತ್ತಲೇ ಇತ್ತು. ಆಮೇಲೆ ‘ಪೆಂಡಿಂಗ್’ ಅಂತ ಬಂತು. ನನ್ನ ಖಾತೆಯಿಂದ ದುಡ್ಡು ಹೋದ ಮೆಸೇಜ್ ಬಂತು, ದುಡ್ಡು ಬಂತು ಅಂತ ಕೂಗಿ ಹೇಳುವ ಅಂಗಡಿಯ ಡಬ್ಬಿ ಮಾತ್ರ ಬಾಯಿ ಬಿಡಲಿಲ್ಲ. ಅಂಗಡಿಯವರು ಗುರುತಿನವರೇ. ಆದರೂ ಖಾತೆಗೆ ಬಾರದ ದುಡ್ಡಿಗೆ ಅವರು ಮಾಲು ಕೊಡುವುದು ಹೇಗೆ? ಭಾವನ ಹತ್ತಿರ ಕೈಸಾಲ ತಂದು ಕೊಟ್ಟೆ.

ಬ್ಯಾಂಕಿಗೆ ಹೋದರೆ ಬಾಗಿಲಿಗೇ ಕಾಗದ ಅಂಟಿಸಿದ್ದರು, ‘ಸರ್ವರ್ ಡೌನ್’. ಇನ್ನೊಮ್ಮೆ ಹೋದಾಗ ‘ಏಳು ದಿನದಲ್ಲಿ ತಾನೇ ಬರುತ್ತದೆ, ಹೋಗಿ’ ಅಂದರು. ವಾರ ದಾಟಿತು. ಈಗ ಕೇಳಿದರೆ ‘ನಿಮ್ಮ ಕಡೆ ನೆಟ್‌ವರ್ಕ್ ಸರಿ ಇಲ್ಲ, ನಾವೇನು ಮಾಡಲಿ’ ಅನ್ನುತ್ತಾರೆ. ನೆಟ್‌ವರ್ಕ್ ಸರಿ ಇಲ್ಲದಿದ್ದರೆ ನನ್ನ ಖಾತೆಯಿಂದ ದುಡ್ಡು ಹೇಗೆ ಹೋಯಿತು?

ಯಾರಿಗೆ ದೂರು ಕೊಡಬೇಕು? ತಡವಾದರೆ ಪರಿಹಾರ ಇದೆ ಅಂತ ಕೇಳಿದ್ದೇನೆ, ಅದು ನಿಜವಾ? ಗೊತ್ತಿದ್ದವರು ಹೇಳಿ.

ನಿರ್ವಾಹಕ:
ಬ್ಯಾಂಕ್, ಶಾಖೆ, ಸಿಬ್ಬಂದಿಯ ಹೆಸರು ಬೇಡ. ಖಾತೆ ಸಂಖ್ಯೆ, ವ್ಯವಹಾರದ 12 ಅಂಕಿಯ ನಂಬರ್, ಸ್ಕ್ರೀನ್‌ಶಾಟ್ ಯಾವುದನ್ನೂ ಇಲ್ಲಿ ಹಾಕಬೇಡಿ.

ರಿಪ್ಪನ್‌ಪೇಟೆ:
ನನ್ನದೂ ಇದೇ ಕಥೆ. ದನದ ಹಿಂಡಿ ತಂದ ದುಡ್ಡು.

ಕ್ಯಾಶೇ ಗತಿ:
ಅದಕ್ಕೇ ನಾನು ಮೊದಲಿನಿಂದ ಹೇಳುತ್ತಿರುವುದು. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಕೈಯಲ್ಲಿ ನೋಟು ಇರಬೇಕು. ಮೂರು ತಿಂಗಳು ಫೋನ್ ನಂಬಬೇಡಿ.

ನಿವೃತ್ತ ಬ್ಯಾಂಕಿನವ:
ತೀರ್ಥಹಳ್ಳಿಯವರೇ, ಪರಿಹಾರ ಇದೆ. ಸುಮ್ನೆ ಗಾಳಿಮಾತಲ್ಲ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಸುತ್ತೋಲೆ ಹೊರಡಿಸಿದೆ. ಯಾವ ರೀತಿಯ ವ್ಯವಹಾರ ಕೆಟ್ಟರೆ ಎಷ್ಟು ದಿನದಲ್ಲಿ ದುಡ್ಡು ವಾಪಸ್ ಬರಬೇಕು ಅಂತ ಅದರಲ್ಲಿ ಪಟ್ಟಿ ಇದೆ. ಯುಪಿಐನಲ್ಲಿ ಒಬ್ಬರಿಂದ ಇನ್ನೊಬ್ಬರ ಖಾತೆಗೆ ಹಾಕಿದ ದುಡ್ಡು ತಲುಪದಿದ್ದರೆ ಮರುದಿನದೊಳಗೆ ವಾಪಸ್ ಬರಬೇಕು. ಅದು ದಾಟಿದ ಪ್ರತಿ ದಿನಕ್ಕೆ 100 ರೂಪಾಯಿ. ಎಟಿಎಂನಲ್ಲಿ ಖಾತೆಯಿಂದ ಕಟ್ ಆಗಿ ನೋಟು ಬಾರದಿದ್ದರೆ 5 ದಿನ, ಆಮೇಲೆ ದಿನಕ್ಕೆ 100. ಈ ಪರಿಹಾರವನ್ನು ಗ್ರಾಹಕ ಕೇಳಲಿ ಬಿಡಲಿ, ಬ್ಯಾಂಕ್ ತಾನಾಗಿಯೇ ಖಾತೆಗೆ ಹಾಕಬೇಕು.

ಸಾಗರದ ಸಾಫ್ಟ್‌ವೇರ್:
ಸಾರ್, ಒಂದು ತಿದ್ದುಪಡಿ. ಅಂಗಡಿಗೆ ಕೊಟ್ಟ ಪೇಮೆಂಟಿಗೆ ಬೇರೆ ಲೆಕ್ಕ ಇದೆ. ಖಾತೆಯಿಂದ ಕಟ್ ಆಗಿ ಅಂಗಡಿಗೆ ಖಾತ್ರಿ ಬಾರದಿದ್ದರೆ 5 ದಿನ, ಮರುದಿನ ಅಲ್ಲ. ಆಮೇಲೆ ದಿನಕ್ಕೆ 100. ತೀರ್ಥಹಳ್ಳಿಯವರೇ, ಅಂಗಡಿಯ ಕ್ಯೂಆರ್ ಅಂಗಡಿಯ ಹೆಸರಿನಲ್ಲಿತ್ತಾ, ಮಾಲೀಕರ ಸ್ವಂತ ಹೆಸರಿನಲ್ಲಿತ್ತಾ?

ತೀರ್ಥಹಳ್ಳಿ ತೋಟ:
ಅಂಗಡಿಯ ಹೆಸರೇ ಬಂತು. ಮಾತಾಡುವ ಡಬ್ಬಿಯೂ ಇದೆ.

ನಿವೃತ್ತ ಬ್ಯಾಂಕಿನವ:
ಹೌದು, ಸಾಗರದವರು ಹೇಳಿದ್ದು ಸರಿ. ಹಾಗಾದರೆ ಇವರಿಗೆ 5 ದಿನದ ಲೆಕ್ಕ. ಆದರೂ ವಾರ ದಾಟಿದೆ ಅನ್ನುತ್ತಿದ್ದಾರಲ್ಲ, ಪರಿಹಾರದ ಗಡಿಯಾರ ಓಡುತ್ತಿದೆ. ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಇವು ಕ್ಯಾಲೆಂಡರ್ ದಿನಗಳು. ‘ನಡುವೆ ಭಾನುವಾರ ಬಂತು, ನಾಲ್ಕನೇ ಶನಿವಾರ ಬಂತು’ ಅಂತ ಕಳೆಯುವಂತಿಲ್ಲ.

ಗಾಂಧಿಬಜಾರ್ ವ್ಯಾಪಾರಿ:
ಅಂಗಡಿಯವರ ಕಷ್ಟವನ್ನೂ ಸ್ವಲ್ಪ ಕೇಳಿ. ಶಿವಮೊಗ್ಗದಲ್ಲಿ ನಮ್ಮದು ದಿನಸಿ ಅಂಗಡಿ. ಗಿರಾಕಿ ಫೋನ್ ತೋರಿಸಿ ‘ನೋಡಿ ಕಟ್ ಆಗಿದೆ’ ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ನಮ್ಮ ಖಾತೆಗೆ ಬಂದಿಲ್ಲ. ಮಾಲು ಕೊಟ್ಟು ಕಳಿಸಿದರೆ ಸಂಜೆ ಆ ದುಡ್ಡು ಗಿರಾಕಿಗೇ ವಾಪಸ್ ಹೋಗಿರುತ್ತದೆ. ಗುರುತಿನವರಾದರೆ ಬಂದು ಕೊಡುತ್ತಾರೆ. ಬಸ್ ಹತ್ತಿ ಹೋಗುವವರು? ಮಾಲು ಕೊಡದಿದ್ದರೆ ಸಂಬಂಧ ಕೆಡುತ್ತದೆ, ಕೊಟ್ಟರೆ ಗಲ್ಲಾಪೆಟ್ಟಿಗೆ ಖಾಲಿ. ಬ್ಯಾಂಕಿನ ತಪ್ಪಿಗೆ ನಾವೂ ಗಿರಾಕಿಯೂ ಮುಖ ಮುರಿದುಕೊಳ್ಳಬೇಕು.

ಹೊಸನಗರದ ಹುಡುಗಿ:
ನಮ್ಮ ಕಡೆ ಟವರ್ ಹೋದರೆ ಯುಪಿಐ ಅಲ್ಲ, ಫೋನ್ ಕರೆಯೇ ಇಲ್ಲ. ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿ ಮುಗಿಯುತ್ತದೆ. ಮನೆಯ ಫೈಬರ್ ನೆಟ್ ಇನ್ವರ್ಟರ್ ಮೇಲೆ ನಡೆಯುತ್ತಿರುತ್ತದೆ, ಆ್ಯಪ್ ತೆರೆಯುತ್ತದೆ, ಆದರೆ ಓಟಿಪಿ ಬರುವುದಿಲ್ಲ. ಓಟಿಪಿಗೆ ಟವರ್ ಬೇಕಲ್ಲ. ಗುಡ್ಡ ಹತ್ತಿ ಸಿಗ್ನಲ್ ಹಿಡಿದು ಕೆಳಗೆ ಬರುವಷ್ಟರಲ್ಲಿ ಓಟಿಪಿ ಸಮಯ ಮುಗಿದಿರುತ್ತದೆ.

ಭದ್ರಾವತಿ ಮೇಷ್ಟ್ರು:
ಸರ್ವರ್ ಡೌನ್ ಅಂದರೆ ನಿಜವಾಗಿ ಏನು? ಯಾವ ಸರ್ವರ್, ಎಲ್ಲಿದೆ ಅದು? ಕೇಳಿದರೆ ಯಾರೂ ಬಿಡಿಸಿ ಹೇಳುವುದಿಲ್ಲ.

ಸಾಗರದ ಸಾಫ್ಟ್‌ವೇರ್:
ಮೇಷ್ಟ್ರೇ, ಬಿಡಿಸಿ ಹೇಳುತ್ತೇನೆ. ನೀವು ಸ್ಕ್ಯಾನ್ ಮಾಡಿದಾಗ ನಾಲ್ಕು ಕಡೆ ಕೆಲಸ ಆಗಬೇಕು. ನಿಮ್ಮ ಆ್ಯಪ್ ಕೋರಿಕೆಯನ್ನು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐಗೆ ಕಳಿಸುತ್ತದೆ. ಎನ್‌ಪಿಸಿಐ ನಿಮ್ಮ ಬ್ಯಾಂಕಿಗೆ ‘ಇಷ್ಟು ಕಳೆಯಿರಿ’ ಅನ್ನುತ್ತದೆ. ಕಳೆದಾಯಿತು ಅಂತ ಉತ್ತರ ಬಂದ ಮೇಲೆ ಅಂಗಡಿಯವರ ಬ್ಯಾಂಕಿಗೆ ‘ಇಷ್ಟು ಸೇರಿಸಿ’ ಅನ್ನುತ್ತದೆ. ಅಲ್ಲಿಂದ ಉತ್ತರ ಬಂದರೆ ಡಬ್ಬಿ ಮಾತಾಡುತ್ತದೆ.

ಸಂಕದ (ಹಳ್ಳ ದಾಟುವ ಕಾಲುಸೇತುವೆ) ಆಚೆ ಕಾಗದ ಕಳಿಸಿ ಉತ್ತರ ಬರುವ ಮೊದಲೇ ಸಂಕ ಕೊಚ್ಚಿ ಹೋದರೆ ಹೇಗೆ, ಹಾಗೆ. ಕಾಗದ ಮುಟ್ಟಿತೋ ಇಲ್ಲವೋ ಈಚೆಯವರಿಗೆ ತಿಳಿಯುವುದಿಲ್ಲ. ‘ಪೆಂಡಿಂಗ್’ ಅಂದರೆ ಇದೇ. ಆಮೇಲೆ ಬ್ಯಾಂಕುಗಳು ಲೆಕ್ಕ ತಾಳೆ ನೋಡಿ, ಸೇರಿಲ್ಲ ಅಂತ ಖಚಿತವಾದ ಮೇಲೆ ವಾಪಸ್ ಹಾಕುತ್ತವೆ. ತೀರ್ಥಹಳ್ಳಿಯವರ ದುಡ್ಡು ಆ ತಾಳೆಯಲ್ಲಿ ಸಿಕ್ಕಿಕೊಂಡಿದೆ. ಅಂದರೆ ಇವರ ಫೋನಿನ ನೆಟ್‌ವರ್ಕ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಕಟ್ ಆದ ಮೇಲಿನದ್ದೆಲ್ಲ ಬ್ಯಾಂಕುಗಳ ನಡುವಿನ ವಿಷಯ.

ಕೆಲವೊಮ್ಮೆ ಎನ್‌ಪಿಸಿಐ ಕಡೆಯೇ ತೊಂದರೆ. 2025ರ ಮಾರ್ಚ್ 26ಕ್ಕೆ, ಮತ್ತೆ ಏಪ್ರಿಲ್ 12ಕ್ಕೆ ದೇಶದ ತುಂಬ ಯುಪಿಐ ಮುಗ್ಗರಿಸಿತು. ಏಪ್ರಿಲಿನದ್ದಕ್ಕೆ ಕಾರಣವೂ ಹೊರಬಂತು. ಪೆಂಡಿಂಗ್ ಇದ್ದ ವ್ಯವಹಾರ ಏನಾಯಿತು ಅಂತ ಬ್ಯಾಂಕುಗಳ ಕಂಪ್ಯೂಟರುಗಳು ಮತ್ತೆ ಮತ್ತೆ ಕೇಳಿ ಎನ್‌ಪಿಸಿಐ ಮೇಲೆ ಹೊರೆ ಬಿತ್ತು. ಅದಕ್ಕೇ ಮಿತಿ ತಂದರು. 2025ರ ಆಗಸ್ಟ್ 1ರಿಂದ ಒಂದು ಆ್ಯಪಿನಲ್ಲಿ ದಿನಕ್ಕೆ 50 ಸಲ ಮಾತ್ರ ಬ್ಯಾಲೆನ್ಸ್ ನೋಡಬಹುದು.

ರಿಪ್ಪನ್‌ಪೇಟೆ:
50 ಸಲ ಯಾರು ನೋಡುತ್ತಾರೆ ಮಾರಾಯ್ರೆ!

ಗಾಂಧಿಬಜಾರ್ ವ್ಯಾಪಾರಿ:
ಡಬ್ಬಿ ಇಲ್ಲದ ಅಂಗಡಿಯವರು ನೋಡುತ್ತಾರೆ. ಪ್ರತಿ ಗಿರಾಕಿಗೂ ಒಂದು ಸಲ.

ಕೌಂಟರ್ ಒಳಗಿನವಳು:
ನಾನು ಮಲೆನಾಡಿನ ಒಂದು ಶಾಖೆಯಲ್ಲಿ ಕೆಲಸ ಮಾಡುತ್ತೇನೆ. ಎಲ್ಲರೂ ನಮ್ಮನ್ನೇ ಬೈಯುತ್ತೀರಿ, ಬೈಯಿರಿ. ಆದರೆ ಒಳಗೆ ಏನಾಗುತ್ತದೆ ಅಂತಲೂ ತಿಳಿದುಕೊಳ್ಳಿ. ನೀವು ನೋಡುವ ‘ಸರ್ವರ್ ಡೌನ್’ ಹತ್ತಕ್ಕೆ ಎಂಟು ಸಲ ಸರ್ವರ್ ಅಲ್ಲ, ಲಿಂಕ್. ನಮ್ಮ ಶಾಖೆಗೆ ಬರುವುದು ಒಂದೇ ಫೈಬರ್. ಮರ ಬಿದ್ದರೆ ಅದು ಹೋಯಿತು. ರಸ್ತೆ ಅಗಲ ಮಾಡುವ ಜೆಸಿಬಿ ಕೊಕ್ಕೆ ಹಾಕಿದರೆ ಹೋಯಿತು. ಬದಲಿಗೆ ಮಾಡಿನ ಮೇಲೆ ಒಂದು ಡಿಶ್ ಇದೆ. ಜೋರು ಮಳೆಗೆ ಉಪಗ್ರಹದ ಸಿಗ್ನಲ್ಲೇ ಸಿಗುವುದಿಲ್ಲ. ನಿಮ್ಮ ಮನೆಯ ಡಿಶ್ ಟಿವಿ ನಿಲ್ಲುವುದು ಇದೇ ಕಾರಣಕ್ಕೆ.

ಲಿಂಕ್ ಇಲ್ಲದಿದ್ದರೆ ಕೌಂಟರಿನಲ್ಲಿ ನೋಟು ಇದ್ದರೂ ಕೊಡಲು ಬರುವುದಿಲ್ಲ. ಖಾತೆ ತೆರೆಯುವುದೇ ಇಲ್ಲ. ಹಿಂದೆ ಲೆಡ್ಜರ್ ಇತ್ತು, ಕೈಯಲ್ಲಿ ಬರೆದು ಕೊಡುತ್ತಿದ್ದರು. ಈಗ ಎಲ್ಲ ಊರ ಖಾತೆಯೂ ಒಂದೇ ಕಡೆ. ಮಳೆಯಲ್ಲಿ ನೆನೆದು, ಮಡಚಿದ ಪಾಸ್‌ಬುಕ್ ಪ್ಲಾಸ್ಟಿಕ್ ಕವರಿನಿಂದ ತೆಗೆದು ಕೈಗೆ ಕೊಡುವ ಅಜ್ಜನಿಗೆ ‘ಇವತ್ತು ಆಗಲ್ಲ’ ಅನ್ನುವುದು ನಮಗೂ ಸುಲಭ ಅಲ್ಲ.

ಕೊಪ್ಪದ ಕಾಫಿತೋಟ:
ಅಕ್ಕ, ನಿಮ್ಮ ಕಷ್ಟ ಒಪ್ಪುತ್ತೇನೆ. ಆದರೆ ಮಲೆನಾಡಿನಲ್ಲಿ ಮಳೆ ಇವತ್ತು ನಿನ್ನೆಯದ್ದಲ್ಲ. ಪ್ರತಿ ಜೂನಿನಲ್ಲೂ ಬರುತ್ತದೆ ಅಂತ ಬ್ಯಾಂಕಿಗೆ ಗೊತ್ತಿಲ್ಲವಾ? ಎರಡನೇ ಲಿಂಕ್ ಬೇರೆ ದಾರಿಯಿಂದ, ಬೇರೆ ಕಂಪನಿಯಿಂದ ತರಿಸಬಹುದು. ಅದು ದುಡ್ಡಿನ ಪ್ರಶ್ನೆ. ಹಳ್ಳಿ ಶಾಖೆಗೆ ಅಷ್ಟು ಖರ್ಚು ಮಾಡಲು ಮೇಲಿನವರಿಗೆ ಮನಸ್ಸಿಲ್ಲ, ಅಷ್ಟೇ.

ಕೌಂಟರ್ ಒಳಗಿನವಳು:
ಅದು ನಿಜ. ನಾವು ಬರೆದು ಕಳಿಸುತ್ತೇವೆ. ಗ್ರಾಹಕರ ಲಿಖಿತ ದೂರು ಜೊತೆಗಿದ್ದರೆ ನಮ್ಮ ಮಾತಿಗೂ ತೂಕ ಬರುತ್ತದೆ. ಬಾಯಲ್ಲಿ ಬೈದು ಹೋದರೆ ಮೇಲೆ ಯಾವ ದಾಖಲೆಯೂ ಹೋಗುವುದಿಲ್ಲ. ದಯವಿಟ್ಟು ಬರೆದು ಕೊಡಿ.

ನಿವೃತ್ತ ಬ್ಯಾಂಕಿನವ:
ಇವರು ಹೇಳಿದ್ದು ಬಹಳ ಮುಖ್ಯ. ಇನ್ನೊಂದು ಸೇರಿಸುತ್ತೇನೆ. ‘ನೆಟ್‌ವರ್ಕ್ ಸರಿ ಇಲ್ಲ’ ಅನ್ನುವ ಉತ್ತರ ನಡೆಯುವುದಿಲ್ಲ. ಅದೇ 2019ರ ಸುತ್ತೋಲೆಯಲ್ಲಿ ವಿಫಲ ವ್ಯವಹಾರ ಅಂದರೆ ಏನು ಅಂತ ಹೇಳಿದ್ದಾರೆ. ಗ್ರಾಹಕನ ತಪ್ಪಿಲ್ಲದ ಕಾರಣಕ್ಕೆ ಅರ್ಧಕ್ಕೆ ನಿಂತದ್ದು. ಸಂಪರ್ಕದ ಲಿಂಕ್ ಕಡಿದದ್ದು, ಎಟಿಎಂನಲ್ಲಿ ನೋಟು ಇಲ್ಲದ್ದು, ಸೆಷನ್ ಸಮಯ ಮುಗಿದದ್ದು, ಇವನ್ನೆಲ್ಲ ಉದಾಹರಣೆಯಾಗಿ ಕೊಟ್ಟಿದ್ದಾರೆ. ಮರ ಬಿದ್ದು ಲಿಂಕ್ ಹೋದರೂ ಜವಾಬ್ದಾರಿ ಬ್ಯಾಂಕುಗಳದ್ದೇ. ತೀರ್ಥಹಳ್ಳಿಯವರು ಅರ್ಜಿಯಲ್ಲಿ ಈ ಸಾಲನ್ನು ಹಾಕಲೇಬೇಕು.

ಕ್ಯಾಶೇ ಗತಿ:
ಅರ್ಜಿ, ಸುತ್ತೋಲೆ, ತಾಳೆ… ಇಷ್ಟೆಲ್ಲ ಯಾಕೆ? ತಿಂಗಳ ಮೊದಲು ಎಟಿಎಂಗೆ ಹೋಗಿ ತಂದಿಟ್ಟುಕೊಂಡರೆ ಮುಗಿಯಿತು.

ಶರಾವತಿ ಹಿನ್ನೀರು:
ಯಾವ ಎಟಿಎಂ ಅಣ್ಣ? ತುಮರಿ ಕಡೆಗೆ ಬನ್ನಿ, ತೋರಿಸುತ್ತೇನೆ. ಸೇತುವೆ ಆಗುವ ತನಕ ನೋಟು ಬೇಕು ಅಂದರೆ ಲಾಂಚ್ ಕಾದು ಹೊಳೆ ದಾಟಿ ಸಾಗರಕ್ಕೆ ಹೋಗಬೇಕಿತ್ತು. ನಮಗೆ ಫೋನಿನಲ್ಲಿ ದುಡ್ಡು ಹಾಕುವುದು ಬಂದಾಗ ಎಷ್ಟು ಅನುಕೂಲ ಆಯಿತು ಅಂತ ಪೇಟೆಯವರಿಗೆ ಗೊತ್ತಾಗುವುದಿಲ್ಲ. ಯುಪಿಐ ಬೇಡ ಅನ್ನಬೇಡಿ. ಸರಿಯಾಗಿ ನಡೆಸಿ ಅನ್ನಿ.

ರಿಪ್ಪನ್‌ಪೇಟೆ:
ಸೇತುವೆ ಮೇಲೆ ಹೋದಿರಾ? ಹೇಗಿದೆ?

ಶರಾವತಿ ಹಿನ್ನೀರು:
2025ರ ಜುಲೈ 14ಕ್ಕೆ ಉದ್ಘಾಟನೆ ಆದ ಮೇಲೆ ಹೋಗಿ ಬಂದೆ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಎರಡೂವರೆ ಕಿಲೋಮೀಟರ್ ಹತ್ತಿರ. ಜ್ವರ ಬಂದ ಮಗುವನ್ನು ರಾತ್ರಿ ಹೊತ್ತು ಕರೆದುಕೊಂಡು ಹೋಗಬಹುದು ಅನ್ನುವುದೇ ನಮಗೆ ದೊಡ್ಡದು. ಆದರೆ ಆ ಕಡೆ ಈ ಕಡೆ ಸಿಗ್ನಲ್ ಮಾತ್ರ ಹಾಗೇ ಇದೆ.

ನಿವೃತ್ತ ಬ್ಯಾಂಕಿನವ:
ಎಟಿಎಂ ಖಾಲಿ ಇಡುವುದಕ್ಕೂ ದಂಡ ಇದೆ. 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಒಂದು ತಿಂಗಳಲ್ಲಿ ಒಟ್ಟು 10 ಗಂಟೆಗಿಂತ ಜಾಸ್ತಿ ನೋಟು ಇಲ್ಲದೆ ಇದ್ದರೆ ಆ ಎಟಿಎಂಗೆ 10,000 ರೂಪಾಯಿ. ಅದನ್ನು ರಿಸರ್ವ್ ಬ್ಯಾಂಕ್ ವಸೂಲಿ ಮಾಡುತ್ತದೆ.

ಕ್ಯಾಶೇ ಗತಿ:
ಅದು ರಿಸರ್ವ್ ಬ್ಯಾಂಕಿಗೆ ಹೋಗುತ್ತದೆ. ಖಾಲಿ ಎಟಿಎಂ ಎದುರು ನಿಂತವನಿಗೆ ಏನು ಸಿಕ್ಕಿತು? ಮೇಲಿಂದ, ಉಚಿತ ಮಿತಿ ದಾಟಿದರೆ 2025ರ ಮೇ 1ರಿಂದ ಒಂದು ಸಲಕ್ಕೆ 23 ರೂಪಾಯಿವರೆಗೆ ಹಿಡಿಯುತ್ತಾರೆ. ನಮ್ಮ ದುಡ್ಡು ನಮಗೆ ಕೊಡಲು!

ಹೊಸನಗರದ ಹುಡುಗಿ:
ಎಲ್ಲರೂ ಆ್ಯಪಿನ ಬಗ್ಗೆ ಮಾತಾಡುತ್ತಿದ್ದೀರಿ. ಆ್ಯಪ್ ಇಲ್ಲದವರ ವಿಷಯ ಹೇಳುತ್ತೇನೆ. ನಮ್ಮ ಅಜ್ಜಿ ಜೀವನವಿಡೀ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದವರು. ಬೆರಳಿನ ಗೆರೆಯೇ ಸವೆದಿದೆ. ಚೊಗರು ಹಿಡಿದು ಹೆಬ್ಬೆರಳು ಕಪ್ಪಾಗಿ, ತುದಿ ಒಡೆದಿದೆ. ಪಿಂಚಣಿ ದುಡ್ಡು ತೆಗೆಯಲು ಬೆರಳಚ್ಚು ಮಿಷನ್ ಮೇಲೆ ಒತ್ತಿದರೆ ‘ಹೊಂದುತ್ತಿಲ್ಲ’ ಅನ್ನುತ್ತದೆ. ಒರೆಸಿ, ಮತ್ತೆ ಒತ್ತಿ, ಬೇರೆ ಬೆರಳು ಇಟ್ಟು ನೋಡುತ್ತಾರೆ. ಒಂದು ಸಲ ಹೊಂದಿತು, ಅಷ್ಟರಲ್ಲಿ ನೆಟ್ ಹೋಯಿತು. ಖಾತೆಯಿಂದ ಕಟ್ ಆಯಿತು, ಕೈಗೆ ದುಡ್ಡು ಬರಲಿಲ್ಲ. ಮಿಷನ್ ಹಿಡಿದು ಬಂದವರು ಚೀಟಿಯನ್ನೂ ಕೊಡಲಿಲ್ಲ. ಅಜ್ಜಿಗೆ ಯಾರನ್ನು ಕೇಳಬೇಕು ಅಂತಲೂ ಗೊತ್ತಿಲ್ಲ. ‘ಹೋದರೆ ಹೋಗಲಿ ಬಿಡು ಮಗಾ’ ಅಂದರು. ನನಗೆ ಹೊಟ್ಟೆ ಉರಿಯಿತು.

ಭದ್ರಾವತಿ ಮೇಷ್ಟ್ರು:
ಇದನ್ನು ಓದಿ ಬೇಜಾರಾಯಿತು ತಂಗಿ. ಬಿಡಬೇಡಿ.

ನಿವೃತ್ತ ಬ್ಯಾಂಕಿನವ:
ಮಗಳೇ, ಆಧಾರ್ ಬೆರಳಚ್ಚಿನ ವ್ಯವಹಾರವೂ ಅದೇ ಸುತ್ತೋಲೆಯಲ್ಲಿದೆ. 5 ದಿನದೊಳಗೆ ಸರಿಪಡಿಸಬೇಕು, ಆಮೇಲೆ ದಿನಕ್ಕೆ 100. ಪಾಸ್‌ಬುಕ್ ಎಂಟ್ರಿ ಹಾಕಿಸಿ, ಕಟ್ ಆದ ಸಾಲು ತೋರಿಸಿ, ಅಜ್ಜಿಯ ಖಾತೆ ಇರುವ ಬ್ಯಾಂಕಿಗೇ ದೂರು ಕೊಡಿ. ಅಜ್ಜಿಗೆ 70 ದಾಟಿದೆಯಾ? ದಾಟಿದ್ದರೆ ಮನೆಬಾಗಿಲಿಗೆ ಬಂದು ದುಡ್ಡು ಕೊಡುವ ವ್ಯವಸ್ಥೆ ಇರಬೇಕು ಅಂತ ರಿಸರ್ವ್ ಬ್ಯಾಂಕ್ 2017ರ ನವೆಂಬರಿನಲ್ಲೇ ಹೇಳಿದೆ. ಶಾಖೆಯಲ್ಲಿ ಕೇಳಿ. ಅದೂ ಆಗದಿದ್ದರೆ ವಿತ್‌ಡ್ರಾ ಚೀಟಿ, ಪಾಸ್‌ಬುಕ್ ಹಿಡಿದು ಕೌಂಟರಿನಲ್ಲಿ ತೆಗೆಯುವ ಹಕ್ಕು ಎಂದೂ ಇದೆ.

ಹೊಸನಗರದ ಹುಡುಗಿ:
78 ವರ್ಷ. ಧನ್ಯವಾದ ಸಾರ್. ಈ ವಾರವೇ ಹೋಗುತ್ತೇನೆ.

ಸೊರಬದ ಅಕ್ಕ:
ಒಂದು ಎಚ್ಚರಿಕೆ ಹೇಳಬೇಕು. ದುಡ್ಡು ಸಿಕ್ಕಿಕೊಂಡಾಗ ಜನ ಗಾಬರಿಯಲ್ಲಿ ಗೂಗಲ್‌ನಲ್ಲಿ ಬ್ಯಾಂಕಿನ ಕಸ್ಟಮರ್ ಕೇರ್ ನಂಬರ್ ಹುಡುಕುತ್ತಾರೆ. ಅಲ್ಲೇ ಕಳ್ಳರು ಕೂತಿರುತ್ತಾರೆ. ನಮ್ಮ ಸ್ವಸಹಾಯ ಸಂಘದ ಸದಸ್ಯೆಯೊಬ್ಬರು ಹೀಗೇ ಫೋನ್ ಮಾಡಿದರು. ಆ ಕಡೆಯವನು ಬಹಳ ಮರ್ಯಾದೆಯಿಂದ ಮಾತಾಡಿ, ‘ವಾಪಸ್ ಹಾಕುತ್ತೇನೆ, ಒಂದು ಆ್ಯಪ್ ಹಾಕಿಕೊಳ್ಳಿ’ ಅಂದ. ಅದು ಫೋನಿನ ಪರದೆ ಅವನಿಗೆ ಕಾಣುವ ಆ್ಯಪ್. ಆಮೇಲೆ ‘ಪಿನ್ ಒತ್ತಿ, ದುಡ್ಡು ಬರುತ್ತದೆ’ ಅಂದ. ಪಕ್ಕದಲ್ಲಿದ್ದ ಮಗ ಫೋನ್ ಕಿತ್ತುಕೊಂಡ, ಬಚಾವಾದರು. ದುಡ್ಡು ಪಡೆಯಲು ಯಾವತ್ತೂ ಪಿನ್ ಬೇಡ. ನಂಬರ್ ಬೇಕಾದರೆ ಎಟಿಎಂ ಕಾರ್ಡಿನ ಹಿಂದೆ, ಪಾಸ್‌ಬುಕ್ಕಿನಲ್ಲಿ ಇರುತ್ತದೆ. ದುಡ್ಡು ಹೋಗಿಯೇ ಬಿಟ್ಟರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಸಾಗರದ ಸಾಫ್ಟ್‌ವೇರ್:
ಅಕ್ಕ ಹೇಳಿದ್ದನ್ನು ಎಲ್ಲರೂ ಮನೆಯಲ್ಲಿ ಹೇಳಿ. ಜೊತೆಗೆ ಇದೂ ಇರಲಿ. ನಿಮ್ಮ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರು ದುಡ್ಡು ಎಗರಿಸಿದರೆ, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಮೇಲೆ ಹೊಣೆ ಇಲ್ಲ. 2017ರ ಜುಲೈ 6ರ ನಿಯಮ. ಆದರೆ ಪಿನ್, ಓಟಿಪಿ ನೀವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ನಿಮ್ಮದೇ.

ಗಾಂಧಿಬಜಾರ್ ವ್ಯಾಪಾರಿ:
2025ರ ಜುಲೈನಿಂದ ಇನ್ನೊಂದು ತಲೆಬಿಸಿ. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆಯವರು ಸಣ್ಣ ಅಂಗಡಿಗಳಿಗೆ ನೋಟಿಸ್ ಕಳಿಸಿದ ಮೇಲೆ ಬೆಂಗಳೂರಿನಲ್ಲಿ ಎಷ್ಟೋ ಕಡೆ ಕ್ಯೂಆರ್ ಕಿತ್ತು ಹಾಕಿದ್ದಾರೆ. ನಮ್ಮಲ್ಲೂ ಕೇಳುತ್ತಿದ್ದಾರೆ, ತೆಗೆಯುವುದಾ ಬಿಡುವುದಾ ಅಂತ.

ಕೊಪ್ಪದ ಕಾಫಿತೋಟ:
ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಅನ್ನುವುದು ಹಳೆಯ ನಿಯಮವೇ. ಕ್ಯಾಶ್ ತೆಗೆದುಕೊಂಡರೂ ಅದೇ ನಿಯಮ. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಅಂತ ಆಗಲೇ ಮುಖ್ಯಮಂತ್ರಿ ಹೇಳಿದ್ದರಲ್ಲ.

ನಿರ್ವಾಹಕ:
ತೆರಿಗೆಗೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಬ್ಯಾಂಕ್ ಸೇವೆಯದ್ದೇ ಇರಲಿ.

ಭದ್ರಾವತಿ ಮೇಷ್ಟ್ರು:
ನನ್ನ ಪ್ರಶ್ನೆ ಬೇರೆ. ದುಡ್ಡು ಕಟ್ ಆಗಿ ಸಿಕ್ಕಿಕೊಂಡರೆ ದಿನಕ್ಕೆ 100 ರೂಪಾಯಿ, ಸರಿ. ಆ್ಯಪ್ ಇಡೀ ದಿನ ತೆರೆಯದೇ ಹೋದರೆ? ಮಗಳ ಕಾಲೇಜು ಫೀಸಿಗೆ ಕೊನೆಯ ದಿನ ಇರುತ್ತದೆ. ಕೊನೆಗಾರನಿಗೆ ಕೂಲಿ ಕೊಡಬೇಕಿರುತ್ತದೆ. ಅವತ್ತು ಬ್ಯಾಂಕ್ ಮಲಗಿದರೆ ಆ ನಷ್ಟಕ್ಕೆ ಯಾರು ಹೊಣೆ?

ಸಾಗರದ ಸಾಫ್ಟ್‌ವೇರ್:
ಅದಕ್ಕೆ ದಿನದ ಲೆಕ್ಕದ ಪರಿಹಾರ ಇಲ್ಲ ಮೇಷ್ಟ್ರೇ. ನನ್ನ ಪ್ರಕಾರ ಇದೇ ದೊಡ್ಡ ಕೊರತೆ. ಮತ್ತೆ ಮತ್ತೆ ಬಿದ್ದರೆ ರಿಸರ್ವ್ ಬ್ಯಾಂಕ್ ಕ್ರಮ ಕೈಗೊಂಡದ್ದು ಇದೆ. 2020ರ ಡಿಸೆಂಬರಿನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿಗೆ ಹೊಸ ಡಿಜಿಟಲ್ ಸೇವೆ ಶುರು ಮಾಡಬೇಡಿ, ಹೊಸ ಕ್ರೆಡಿಟ್ ಕಾರ್ಡ್ ಕೊಡಬೇಡಿ ಅಂದಿತು. ಪೂರ್ತಿ ತೆರವಾದದ್ದು 2022ರ ಮಾರ್ಚಿನಲ್ಲಿ. 2024ರ ಏಪ್ರಿಲಿನಲ್ಲಿ ಕೋಟಕ್ ಮಹೀಂದ್ರಕ್ಕೆ ಆನ್‌ಲೈನಿನಲ್ಲಿ ಹೊಸ ಗ್ರಾಹಕರನ್ನು ಸೇರಿಸಬೇಡಿ ಅಂತ ತಡೆ ಹಾಕಿತು. ಬ್ಯಾಂಕಿಗೆ ಪೆಟ್ಟು ಬೀಳುತ್ತದೆ. ಫೀಸ್ ತಪ್ಪಿದವರಿಗೆ ಏನೂ ಬರುವುದಿಲ್ಲ.

ಕ್ಯಾಶೇ ಗತಿ:
ಸಣ್ಣ ಬ್ಯಾಂಕುಗಳಾದರೂ ಇದಕ್ಕಿಂತ ವಾಸಿ. ಮುಖ ನೋಡಿ ಮಾತಾಡುತ್ತಾರೆ.

ಸಾಗರದ ಸಾಫ್ಟ್‌ವೇರ್:
ಮಾತಾಡುತ್ತಾರೆ, ಒಪ್ಪಿದೆ. ಆದರೆ ಕಂಪ್ಯೂಟರ್ ಅವರದ್ದಲ್ಲ. 2024ರ ಜುಲೈ 31ಕ್ಕೆ ಸಿ-ಎಡ್ಜ್ ಅನ್ನುವ ಕಂಪನಿಯ ಮೇಲೆ ರಾನ್ಸಮ್‌ವೇರ್ ದಾಳಿ ಆಯಿತು, ಅಂದರೆ ಕಂಪ್ಯೂಟರಿಗೆ ಬೀಗ ಹಾಕಿ ದುಡ್ಡು ಕೇಳುವ ಕಳ್ಳರ ದಾಳಿ. ಸಹಕಾರಿ, ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಕೊಡುವ ಕಂಪನಿ ಅದು. ಸೋಂಕು ಹರಡದಿರಲಿ ಅಂತ ಎನ್‌ಪಿಸಿಐ ಅದನ್ನೇ ಬೇರ್ಪಡಿಸಿತು. ದೇಶದಲ್ಲಿ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ನಿಂತವು. ಮರುದಿನ ಸರಿಯಾಯಿತು. ಒಂದು ಕಡೆ ಬಿದ್ದರೆ ಮುನ್ನೂರು ಕಡೆ ಬೀಳುತ್ತದೆ.

ಶರಾವತಿ ಹಿನ್ನೀರು:
ನೆಟ್ ಇಲ್ಲದ ಫೋನಿನಲ್ಲಿ ಹಾಕುವ ದಾರಿ ಇದೆಯಂತಲ್ಲ?

ಹೊಸನಗರದ ಹುಡುಗಿ:
ಇದೆ. *99# ಒತ್ತಿದರೆ ಮೆನು ಬರುತ್ತದೆ, ಇಂಟರ್ನೆಟ್ ಬೇಡ, ಸಿಗ್ನಲ್ ಬೇಕು. ಕೀಪ್ಯಾಡ್ ಫೋನಿಗೆ 2022ರ ಮಾರ್ಚಿನಿಂದ ಯುಪಿಐ 123ಪೇ ಇದೆ. ಸಣ್ಣ ಮೊತ್ತಕ್ಕೆ ಯುಪಿಐ ಲೈಟ್ ಹಾಕಿಕೊಳ್ಳಿ. ಒಮ್ಮೆಗೆ 1,000, ಒಟ್ಟು 5,000 ರೂಪಾಯಿ ತನಕ. ಕೊಡುವಾಗ ಬ್ಯಾಂಕಿನ ಮುಖ್ಯ ಕಂಪ್ಯೂಟರನ್ನು ಕೇಳುವ ಕೆಲಸ ಇಲ್ಲ, ಹಾಗಾಗಿ ಸಿಕ್ಕಿಕೊಳ್ಳುವುದು ಕಡಿಮೆ. ನಾನು ಹಾಲು, ತರಕಾರಿಗೆ ಅದನ್ನೇ ಬಳಸುವುದು.

ತೀರ್ಥಹಳ್ಳಿ ತೋಟ:
ಎಲ್ಲರಿಗೂ ವಿಷಯ ತಿಳಿಸುತ್ತೇನೆ. ಕನ್ನಡದಲ್ಲೇ ಅರ್ಜಿ ಬರೆದೆ. ದಿನಾಂಕ, ಮೊತ್ತ, 12 ಅಂಕಿಯ ನಂಬರ್, 2019ರ ಸುತ್ತೋಲೆ, ಲಿಂಕ್ ಕಡಿದರೂ ಬ್ಯಾಂಕೇ ಹೊಣೆ ಅನ್ನುವ ಸಾಲು, ಎಲ್ಲ ಹಾಕಿದೆ. ಎರಡು ಪ್ರತಿ ಮಾಡಿಸಿ ಒಂದರ ಮೇಲೆ ಸೀಲು ಕೇಳಿದೆ. ಮೊದಲು ‘ಇದೆಲ್ಲ ಯಾಕೆ, ಬರುತ್ತದೆ ಬಿಡಿ’ ಅಂದರು. ಸೀಲು ಹಾಕುವ ತನಕ ಎದುರು ಕುರ್ಚಿಯಿಂದ ಏಳಲಿಲ್ಲ. ಹಾಕಿದರು, ದೂರಿನ ನಂಬರೂ ಕೊಟ್ಟರು. ಮೂಲ ದುಡ್ಡು ಖಾತೆಗೆ ಬಂದಿದೆ. ತಡವಾದ ದಿನಗಳ ಪರಿಹಾರ ಇನ್ನೂ ಬಂದಿಲ್ಲ.

ರಿಪ್ಪನ್‌ಪೇಟೆ:
ಭೇಷ್! ಆ ಅರ್ಜಿಯ ಮಾದರಿ ಇಲ್ಲಿ ಹಾಕಿ ಅಣ್ಣ. ಹೆಸರು, ನಂಬರ್ ತೆಗೆದು.

ಕ್ಯಾಶೇ ಗತಿ:
ಮೂಲ ಬಂತಲ್ಲ, ಸಾಕು ಬಿಡಿ. ನೂರು ಇನ್ನೂರಕ್ಕೆ ಯಾಕೆ ಅಲೆಯುತ್ತೀರಿ.

ಕೊಪ್ಪದ ಕಾಫಿತೋಟ:
ಸಾಕು ಅನ್ನುವುದಕ್ಕೇ ಹೀಗಾಗಿರುವುದು. ನಮ್ಮ ಕಂತು ಒಂದು ದಿನ ತಡವಾದರೆ ಬ್ಯಾಂಕ್ ಬಿಡುತ್ತದೆಯಾ? ದಂಡ ಹಾಕುತ್ತದೆ.

ನಿವೃತ್ತ ಬ್ಯಾಂಕಿನವ:
ಬಿಡಬೇಡಿ. ದೂರು ಕೊಟ್ಟ 30 ದಿನದೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ, ಅಂದರೆ ಓಂಬುಡ್ಸ್‌ಮನ್‌ಗೆ ಹೋಗಿ. 2021ರ ನವೆಂಬರ್ 12ರಿಂದ ಎಲ್ಲದಕ್ಕೂ ಒಂದೇ ಯೋಜನೆ ಇದೆ. ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಓಆರ್‌ಜಿ ಡಾಟ್ ಇನ್‌ನಲ್ಲಿ ದೂರು ಹಾಕಬಹುದು. ಆಗದವರು ಚಂಡೀಗಢದಲ್ಲಿರುವ ರಿಸರ್ವ್ ಬ್ಯಾಂಕ್ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು. ಶುಲ್ಕ ಇಲ್ಲ, ವಕೀಲರು ಬೇಡ. ಮಾಹಿತಿಗೆ 14448, ಕನ್ನಡದಲ್ಲೂ ಮಾತಾಡುತ್ತಾರೆ. ಮೊದಲು ಬ್ಯಾಂಕಿಗೆ ದೂರು ಕೊಟ್ಟಿರಲೇಬೇಕು, ಇಲ್ಲದಿದ್ದರೆ ವಾಪಸ್ ಕಳಿಸುತ್ತಾರೆ. ಅದಕ್ಕೇ ಆ ಸೀಲು ಬಿದ್ದ ಪ್ರತಿ ಜೋಪಾನ.

ಕೌಂಟರ್ ಒಳಗಿನವಳು:
ಒಳಗಿನವಳಾಗಿ ಹೇಳುತ್ತೇನೆ, ಓಂಬುಡ್ಸ್‌ಮನ್‌ಗೆ ಹೋಗುತ್ತದೆ ಅಂದರೆ ಮೇಲಿನ ಕಚೇರಿ ಬೇಗ ಕದಲುತ್ತದೆ. ನಮಗೂ ಎರಡನೇ ಲಿಂಕ್ ಕೇಳಲು ಅದೇ ಆಧಾರ.

ಸೊರಬದ ಅಕ್ಕ:
ಕನ್ನಡದಲ್ಲಿ ಅರ್ಜಿ ತೆಗೆದುಕೊಳ್ಳುವುದಿಲ್ಲ ಅಂದರೆ? ನಮ್ಮ ಶಾಖೆಗೆ ಬಂದ ಹೊಸಬರಿಗೆ ಕನ್ನಡ ಓದಲು ಬರುವುದಿಲ್ಲ.

ಕೌಂಟರ್ ಒಳಗಿನವಳು:
ತೆಗೆದುಕೊಳ್ಳಲೇಬೇಕು ಅಕ್ಕ. ಓದಿಸಿಕೊಳ್ಳುವುದು ನಮ್ಮ ಕೆಲಸ, ಬರೆಯುವುದಷ್ಟೇ ನಿಮ್ಮದು.

ಕೊಪ್ಪದ ಕಾಫಿತೋಟ:
ಕೊನೆಗೆ ನನ್ನದೊಂದು. ಸೊಸೈಟಿಯಲ್ಲಿ ಬಡ್ಡಿ ಇಲ್ಲದ ಬೆಳೆ ಸಾಲ ಇದೆ, 5 ಲಕ್ಷದವರೆಗೆ. ಗಡುವಿನೊಳಗೆ ಕಟ್ಟಿದರೆ ಮಾತ್ರ ಬಡ್ಡಿ ಇಲ್ಲ. ಗಡುವಿನ ದಿನ ಹೋದರೆ ಅಲ್ಲೂ ಕಂಪ್ಯೂಟರ್ ಕೆಟ್ಟಿತ್ತು. ಅದಕ್ಕೂ ಓಂಬುಡ್ಸ್‌ಮನ್ ಆಗುತ್ತದಾ?

ನಿವೃತ್ತ ಬ್ಯಾಂಕಿನವ:
ಇಲ್ಲ. ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸೊಸೈಟಿ ರಿಸರ್ವ್ ಬ್ಯಾಂಕಿನ ಕೆಳಗೆ ಬರುವುದಿಲ್ಲ. ಅದಕ್ಕೆ ಸಹಕಾರ ಇಲಾಖೆ, ಸಹಾಯಕ ನಿಬಂಧಕರ ಕಚೇರಿ. ಅವತ್ತೇ ಕಟ್ಟಲು ಬಂದಿದ್ದೆ ಅಂತ ಬರೆದು ಕಾರ್ಯದರ್ಶಿಯ ಸಹಿ, ದಿನಾಂಕ ಹಾಕಿಸಿಕೊಂಡಿದ್ದೀರಾ?

ಕೊಪ್ಪದ ಕಾಫಿತೋಟ:
ಅವರೇ ಒಂದು ಚೀಟಿ ಬರೆದು ಕೊಟ್ಟಿದ್ದಾರೆ, ‘ಕಂಪ್ಯೂಟರ್ ಕೆಟ್ಟಿದೆ, ನಾಳೆ ಬನ್ನಿ’ ಅಂತ. ಸಹಿ, ದಿನಾಂಕ ಎರಡೂ ಇದೆ.

ನಿವೃತ್ತ ಬ್ಯಾಂಕಿನವ:
ಅಷ್ಟು ಸಾಕು. ಅದರ ಜೆರಾಕ್ಸ್ ಇಟ್ಟು ಸಹಾಯಕ ನಿಬಂಧಕರಿಗೆ ಅರ್ಜಿ ಕೊಡಿ. ಮೂಲ ಚೀಟಿ ಯಾರ ಕೈಗೂ ಕೊಡಬೇಡಿ.